ಜಿಂಕೆ ಎಲ್ಲರದು, ಜಾಗ ಯಾರದು?

ಊರಿನಿಂದ ಚಿಕ್ಕಪ್ಪ ಫೋನ್ ಮಾಡಿದಾಗ ಅಡಿಕೆ ರೇಟು, ಮಳೆ, ಕೊಳೆ ರೋಗ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಫಾರೆಸ್ಟಿನವರು ಲೈನಿನಲ್ಲಿ ಇದ್ದಾರೇನೋ ಎನ್ನುವ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ.

"ಅಲ್ಲಾ ಮಾರಾಯ, ಅಲ್ಲಿ ಜಿಂಕೆ ಹೊಡೆದ್ರೆ ಯಾರೂ ಕೇಳಲ್ವಾ?"

"ಕೇಳ್ತಾರೆ ಚಿಕ್ಕಪ್ಪ. ಯಾರ ಜಾಗದಲ್ಲಿ ಹೊಡೆದೆ ಅಂತ ಕೇಳ್ತಾರೆ."

"ಜಾಗ ಯಾರದಾದ್ರೆ ಏನು?"

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂಟಿ ನಳಿಗೆಯ ಒಂದು ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಅಜ್ಜನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು. ಪ್ರತಿ ಚುನಾವಣೆಗೂ ಅದು ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂರುತ್ತದೆ, ಎಣಿಕೆ ಮುಗಿದ ಮೇಲೆ ಮನೆಗೆ ಬರುತ್ತದೆ. ನಮ್ಮ ಮನೆಯಲ್ಲಿ ಅದರಷ್ಟು ಸಲ ಸ್ಟೇಷನ್ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇಲ್ಲ. ಅಜ್ಜ ಮರಸು ಕೂತ ಕಥೆ, ಹಳು ನುಗ್ಗಿ ಹಂದಿ ಎಬ್ಬಿಸಿದ ಕಥೆ ಎಲ್ಲ ಕೇಳಿಯೇ ನಾನು ಬೆಳೆದದ್ದು. ಕಥೆ ಮಾತ್ರ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು. ಆ ಕಥೆಗಳಲ್ಲಿ ಮಳೆ ಬರುತ್ತಿತ್ತು, ಜಿಗಣೆ ಬರುತ್ತಿತ್ತು, ಒಂದೆರಡು ಸಲ ಹುಲಿಯೂ ಬರುತ್ತಿತ್ತು. ಆದರೆ "ಈ ಜಾಗ ಯಾರದು, ಅವರನ್ನು ಕೇಳಿದ್ರಾ?" ಎಂಬ ಮಾತು ಒಂದು ಕಥೆಯಲ್ಲೂ ಬರಲಿಲ್ಲ.

ನಮ್ಮ ಕಡೆ ಯಾರ ಗದ್ದೆ ಅಂಚಿನ ಮೇಲೆ ಯಾರು ನಡೆದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಉಣುಗೋಲು ಸರಿಸಿ, ತೋಟ ಹಾದು, ಬೆಟ್ಟ ಹತ್ತಿ ಆ ಕಡೆ ಊರಿಗೆ ಇಳಿಯಬಹುದು. ಎದುರು ಸಿಕ್ಕವರು "ಎಲ್ಲಿಗೆ ಹೊರಟದ್ದು?" ಅಂತಾರೆ, "ಯಾಕೆ ಬಂದೆ?" ಅನ್ನುವುದಿಲ್ಲ. ಜಾಗಕ್ಕೆ ಇಲ್ಲದ ಕಟ್ಟುನಿಟ್ಟು ಇರುವುದು ಪ್ರಾಣಿಗೆ. ನಿಮ್ಮದೇ ಗದ್ದೆಯಲ್ಲಿ ನಿಂತ ಕಡವೆ ನಿಮ್ಮದಲ್ಲ, ಸರ್ಕಾರದ್ದು.

ನಾನು ಈಗ ಇರುವ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇದು ಪೂರ್ತಿ ತಿರುಗಾಮುರುಗಾ. ಇಲ್ಲಿ ಜಿಂಕೆ ಜನರದು. ಜಮೀನಿನ ಮಾಲೀಕನದೂ ಅಲ್ಲ, ರಾಜ್ಯ ಸರ್ಕಾರ ಅದನ್ನು ಎಲ್ಲರ ಪರವಾಗಿ ನೋಡಿಕೊಳ್ಳುತ್ತದೆ ಅಷ್ಟೆ. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ಜಮೀನಿನ ಜೊತೆಗೇ ಹೋಗುತ್ತದೆ. ಅಲ್ಲಿಂದ ದಾಟಿ ಬಂದವರು ಆ ಪದ್ಧತಿಯನ್ನು ಇಲ್ಲಿ ಬೇರು ಬಿಡಲು ಬಿಡಲಿಲ್ಲ. ಹಾಗಾಗಿ ಲೈಸೆನ್ಸ್ ತೆಗೆದುಕೊಂಡರೆ ಆ ಜಿಂಕೆಯಲ್ಲಿ ನನಗೂ ಪಾಲಿದೆ. ಆದರೆ ಅದು ನಿಂತಿರುವ ನೆಲಕ್ಕೆ ಕಾಲಿಡಲು ಬೇರೆಯವರ ಒಪ್ಪಿಗೆ ಬೇಕು. ಪ್ರಾಣಿ ಎಲ್ಲರದು, ನೆಲ ಒಬ್ಬನದು. ನಾಲ್ಕು ವರ್ಷ ನಾನು ಓಡಾಡಿದ್ದು ಈ ಎರಡರ ನಡುವೆ.

ಮೊದಲು ಲೈಸೆನ್ಸಿನ ಮಾತು ಮುಗಿಸುತ್ತೇನೆ. ನನ್ನ ಹಾಗೆ ಎಚ್-1ಬಿ ವೀಸಾದಲ್ಲಿ ಇರುವವರಿಗೆ ಇದರಲ್ಲಿ ಒಂದು ಗಂಟು ಇದೆ.

ಅಮೆರಿಕದಲ್ಲಿ ಯಾರು ಬೇಕಾದರೂ ಕೋವಿ ಕೊಳ್ಳಬಹುದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿ, ಗುಂಡು ಇಟ್ಟುಕೊಳ್ಳುವುದೇ ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅದಕ್ಕೆ ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್. ಅಂದರೆ ಬೇರೆಯವರು ಕೋವಿ ಕೊಂಡು ಆಮೇಲೆ ಬೇಟೆಗೆ ಹೋಗುತ್ತಾರೆ. ನಾನು ಮೊದಲು ಬೇಟೆಗಾರ ಅಂತ ಕಾಗದದಲ್ಲಿ ಆಗಬೇಕು, ಆಮೇಲೆ ಕೋವಿ ಮುಟ್ಟಬೇಕು. ವಿಸ್ಕಾನ್ಸಿನ್‌ನ ಲೈಸೆನ್ಸು ಮುಗಿಯುವುದು ಮಾರ್ಚ್ 31ಕ್ಕೆ. ನಮ್ಮ ಬ್ಯಾಂಕಿನವರ ಮಾರ್ಚ್ ಎಂಡ್ ಇದ್ದ ಹಾಗೆ. ಏಪ್ರಿಲ್ ಒಂದರ ಬೆಳಿಗ್ಗೆ ಹೊಸ ಲೈಸೆನ್ಸ್ ಇಲ್ಲದಿದ್ದರೆ ಬೀರುವಿನಲ್ಲಿ ಸುಮ್ನೆ ಮಲಗಿರುವ ಕೋವಿಯೇ ನನ್ನನ್ನು ಗಡೀಪಾರು ಮಾಡಿಸಬಹುದು. ಹಾಗಾಗಿ ಅಳಿಲು ಹೊಡೆಯುವ ಯೋಚನೆ ಒಂದಿಷ್ಟೂ ಇಲ್ಲದಿದ್ದರೂ ಪ್ರತಿ ಮಾರ್ಚ್‌ನಲ್ಲಿ ಸಣ್ಣ ಪ್ರಾಣಿಗಳ ಲೈಸೆನ್ಸ್ ಕೊಳ್ಳುತ್ತೇನೆ.

1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸುರಕ್ಷತಾ ಕೋರ್ಸು ಮಾಡಲೇಬೇಕು. ನನ್ನ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಹನ್ನೆರಡು ವರ್ಷದ ಮಕ್ಕಳು. ಪಕ್ಕದಲ್ಲಿ ಕೂತ ಹುಡುಗಿ ನನ್ನ ಉತ್ತರ ಪತ್ರಿಕೆ ನೋಡಿ ಒಂದು ಕಡೆ ಬೆರಳಿಟ್ಟು ತಲೆ ಅಲ್ಲಾಡಿಸಿದಳು. ಪ್ರಶ್ನೆ ಇದ್ದದ್ದು ಜಾಗದ ಬಗ್ಗೆ. "ಬೋರ್ಡು ಹಾಕದ ಖಾಸಗಿ ಜಮೀನಿಗೆ ಹೋಗಬಹುದೇ?" ನಾನು ಹೌದು ಅಂತ ಗುರುತು ಹಾಕಿದ್ದೆ. ವಿಸ್ಕಾನ್ಸಿನ್‌ನಲ್ಲಿ ಬೋರ್ಡು ಇರಲಿ ಬಿಡಲಿ, ಬೇಲಿ ಇರಲಿ ಬಿಡಲಿ, ಖಾಸಗಿ ಜಮೀನಿಗೆ ಕೇಳದೆ ಕಾಲಿಟ್ಟರೆ ತಪ್ಪು. ಎಲ್ಲ ರಾಜ್ಯಗಳೂ ಹೀಗಿಲ್ಲ. ನಾರ್ತ್ ಡಕೋಟಾದಲ್ಲಿ ಬೋರ್ಡು ಹಾಕದ ಜಮೀನಿಗೆ ಬೇಟೆಗಾರರು ಹೋಗುವ ಹಳೆಯ ರೂಢಿ ಇದೆ. ಮಿಸೌರಿ, ಟೆಕ್ಸಾಸ್ ಕಡೆ ಮರಕ್ಕೆ ಬಳಿದ ನೇರಳೆ ಬಣ್ಣದ ಪಟ್ಟೆಯೇ "ಒಳಗೆ ಬರಬೇಡಿ" ಅಂತ. ನಮ್ಮಲ್ಲಿ ಅರಣ್ಯ ಇಲಾಖೆಯವರು ಮರಕ್ಕೆ ನಂಬರ್ ಹಾಕಿದರೆ ಊರಿಗೆ ಊರೇ ಅದಕ್ಕೆ ಅರ್ಥ ಹುಡುಕುತ್ತದೆ ಅಲ್ವಾ, ಹಾಗೆ.

ಕೋರ್ಸು ಮುಗಿದ ಮೇಲೆ ನಕ್ಷೆ. ಇದು ನನಗೆ ನಿಜಕ್ಕೂ ಖುಷಿ ಕೊಟ್ಟ ಭಾಗ. ಪಹಣಿ, ಸರ್ವೆ ನಂಬರು, ಪಕ್ಕಾ ಪೋಡಿ ಎನ್ನುವ ಪದಗಳ ನಡುವೆ ಬೆಳೆದವನಿಗೆ ಇಲ್ಲಿನ ಪ್ಲಾಟ್ ಬುಕ್ ಅಂದರೆ ಹಬ್ಬ. ಒಂದು ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಒಂದು ಪುಸ್ತಕ. ಪ್ರತಿ ತುಂಡು ಜಮೀನಿನ ಮೇಲೂ ಮಾಲೀಕನ ಹೆಸರು, ಎಕರೆ. 1785ರಲ್ಲಿ ಕಾನೂನು ಮಾಡಿ ಇಡೀ ಸೀಮೆಯನ್ನು ಚೌಕ ಚೌಕವಾಗಿ ಅಳೆಯಲು ಹೊರಟವರು ಇವರು. ಆರು ಮೈಲಿ ಉದ್ದ, ಆರು ಮೈಲಿ ಅಗಲ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್. ಒಂದು ಸೆಕ್ಷನ್ 640 ಎಕರೆ. ಅದನ್ನು ನಾಲ್ಕು ಮಾಡಿ, ಮತ್ತೆ ನಾಲ್ಕು ಮಾಡಿದರೆ 40 ಎಕರೆ. ರೈತರ ಬಾಯಲ್ಲಿ ಜಮೀನಿನ ಲೆಕ್ಕ ಇವತ್ತಿಗೂ "ನಲವತ್ತು". "ಹಿಂದಿನ ನಲವತ್ತರಲ್ಲಿ ಜಿಂಕೆ ಜಾಸ್ತಿ" ಅಂತಾರೆ. ಈಗ ಇದೆಲ್ಲ ಆನ್‌ಎಕ್ಸ್ ಎನ್ನುವ ಆ್ಯಪಿನಲ್ಲಿ ಸಿಗುತ್ತದೆ. ಬೆರಳಿಟ್ಟರೆ ಹೆಸರು ಬರುತ್ತದೆ, ನಡೆಯುತ್ತಾ ಹೋದರೆ ಗಡಿಗೆರೆಯ ಪಕ್ಕದಲ್ಲೇ ನನ್ನ ನೀಲಿ ಚುಕ್ಕೆ ನಡೆಯುತ್ತದೆ. ನಮ್ಮೂರಲ್ಲಿ ಇಂಥದ್ದು ಬಂದರೆ ಅರ್ಧದಷ್ಟು ಅಗಳು ಮುಚ್ಚಬೇಕಾಗುತ್ತದೆ, ಉಳಿದರ್ಧ ಹೊಸದಾಗಿ ತೋಡಬೇಕಾಗುತ್ತದೆ.

ನಕ್ಷೆ ನೋಡಿದ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನಾನಿರುವ ಮ್ಯಾಡಿಸನ್ ಸುತ್ತ ದಕ್ಷಿಣದಲ್ಲಿ ಬಹುಪಾಲು ಖಾಸಗಿ ಹೊಲ. ಸಾರ್ವಜನಿಕ ಜಾಗ ಅಲ್ಲೊಂದು ಇಲ್ಲೊಂದು ತೇಪೆ. ಉತ್ತರಕ್ಕೆ ಹೋದರೆ ಹಸಿರೋ ಹಸಿರು. ಶೆಕ್ವಾಮೆಗನ್-ನಿಕೊಲೆ ರಾಷ್ಟ್ರೀಯ ಅರಣ್ಯವೇ 15 ಲಕ್ಷ ಎಕರೆ. ಅದರ ಮೇಲೆ ಕೌಂಟಿಗಳ ಕಾಡು ಸುಮಾರು 24 ಲಕ್ಷ ಎಕರೆ. ಇಷ್ಟೊಂದು ಕಾಡು ಜನರ ಕೈಗೆ ಬಂದದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ. ಪೈನ್ ಮರಗಳನ್ನೆಲ್ಲ ಕಂಪನಿಗಳು ಕಡಿದು ಸಾಗಿಸಿದವು. ಬುಡ ಮಾತ್ರ ಉಳಿದ ಆ ಜಾಗವನ್ನು "ಬಂಗಾರದಂಥಾ ಕೃಷಿ ಭೂಮಿ" ಅಂತ ಬಡವರಿಗೆ ಮಾರಿದರು. ಮಣ್ಣು ಬರಡು, ಬೇಸಿಗೆ ಗಿಡ್ಡ. ಕಂದಾಯ ಕಟ್ಟಲಾಗದೆ 1920-30ರ ದಶಕದಲ್ಲಿ ಜನ ಬಿಟ್ಟು ಹೋದರು. ಹಾಗೆ ಕೌಂಟಿಯ ಪಾಲಿಗೆ ಬಂದ ಜಮೀನಿನಲ್ಲಿ ಮತ್ತೆ ಕಾಡು ಬೆಳೆಯಿತು. ಯಾರೋ ಸೋತು ಬಿಟ್ಟು ಹೋದ ಹೊಲದಲ್ಲಿ ನಾನು ಇವತ್ತು ಯಾರನ್ನೂ ಕೇಳದೆ ನಡೆಯುತ್ತೇನೆ.

ಅದಕ್ಕೂ ಹಿಂದಿನದು ಇನ್ನೊಂದಿದೆ. ಆ ಉತ್ತರದ ಸೀಮೆ ಒಜಿಬ್ವೆ ಜನರದು. 1837 ಮತ್ತು 1842ರ ಒಪ್ಪಂದಗಳಲ್ಲಿ ಅವರು ನೆಲ ಬಿಟ್ಟುಕೊಟ್ಟರು, ಆದರೆ ಅದರ ಮೇಲೆ ಬೇಟೆ, ಮೀನು, ಕಾಡುತ್ಪತ್ತಿಯ ಹಕ್ಕು ಇಟ್ಟುಕೊಂಡರು. ಆ ಹಕ್ಕು ಇನ್ನೂ ಇದೆ ಎಂದು ಕೋರ್ಟು ಹೇಳಿದ್ದು 1983ರಲ್ಲಿ. ಆಮೇಲೆ ಕೆಲವು ವರ್ಷ ಅವರು ಮೀನು ಹಿಡಿಯಲು ಹೋದಾಗ ಕೆರೆ ದಂಡೆಯಲ್ಲಿ ಬಿಳಿಯರ ಗುಂಪು ನಿಂತು ಬೈಯುತ್ತಿತ್ತು, ಕಲ್ಲು ತೂರುತ್ತಿತ್ತು. ನೆಲ ಮಾರಿದರೂ ಬೇಟೆ ಮಾರದೇ ಇರಬಹುದು ಎನ್ನುವುದು ನನಗೆ ಹೊಸ ವಿಚಾರ. ನಮ್ಮ ಕಡೆಯ ಸೊಪ್ಪಿನ ಬೆಟ್ಟ ನೆನಪಾಯಿತು. ನೆಲ ಸರ್ಕಾರದ್ದು, ಸೊಪ್ಪು ನಮ್ಮದು.

ಮೊದಲ ವರ್ಷ ಉತ್ತರದ ಬೇಫೀಲ್ಡ್ ಕೌಂಟಿಗೆ ಹೋದೆ. ಮ್ಯಾಡಿಸನ್‌ನಿಂದ ಐದು ಗಂಟೆ ದಾರಿ, ಲೇಕ್ ಸುಪೀರಿಯರ್ ಪಕ್ಕ. ಕೋವಿಯಲ್ಲಿ ಜಿಂಕೆ ಹೊಡೆಯುವ ಸೀಸನ್ನು ಒಂಬತ್ತೇ ದಿನ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು. ಐದೂವರೆ ಲಕ್ಷದಷ್ಟು ಜನ ಲೈಸೆನ್ಸ್ ಹಿಡಿದು ಕಾಡಿಗೆ ಇಳಿಯುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಕಾಡಿನ ದಾರಿ ಸೇರಿದರೆ ಅಲ್ಲಿ ಆಗಲೇ ಹದಿನೇಳು ಪಿಕಪ್ ಟ್ರಕ್ಕು. ಶಬರಿಮಲೆ ಸೀಸನ್ನಿನ ಪಾರ್ಕಿಂಗ್ ತರ. ಎಲ್ಲರೂ ಕಿತ್ತಳೆ ಬಣ್ಣದ ಕೋಟು, ಕಿತ್ತಳೆ ಟೋಪಿ. ಸಾರ್ವಜನಿಕ ಜಾಗ ಅಂದರೆ ಪಬ್ಲಿಕ್ಕೂ ಬರುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಇಂಥ ಕಡೆ ಒಂದೇ ಉಪಾಯ, ನಡೆಯುವುದು. ಹೆಚ್ಚಿನವರು ರಸ್ತೆಯಿಂದ ಅರ್ಧ ಮೈಲಿ ಒಳಗೇ ಕೂರುತ್ತಾರೆ. ನಾನು ಎರಡು ಮೈಲಿ ನಡೆದೆ. ಕೌಂಟಿ ಕಾಡಿನ ಕೊನೆಯ ನಲವತ್ತು ಎಕರೆ. ಅದರ ಆ ಕಡೆ ಮುಳ್ಳುತಂತಿ, ಖಾಸಗಿ ಜಮೀನು. ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಎಂಟು ಕವಲಿನ ಗಂಡು ಜಿಂಕೆಯೊಂದು ಹೆಮ್ಲಾಕ್ ಮರಗಳ ಸಂದಿಯಿಂದ ಬಂತು. ಅದರ ಬಾಲ, ಕಿವಿ, ಮೂಗಿನ ಹಬೆ ಎಲ್ಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೋವಿ ಸದ್ದು ನೆನಪಿಲ್ಲ.

ಈಡು ಸರಿಯಾಗಿಯೇ ಬಿದ್ದಿತ್ತು. ಆದರೆ ಜಿಂಕೆ ನಿಂತಲ್ಲೇ ಬೀಳುವುದು ಕಡಿಮೆ. ಅದು ಓಡಿತು. ಹಿಮದ ಮೇಲೆ ಯಾರೋ ಕವಳ ಉಗುಳಿಕೊಂಡು ಹೋದ ಹಾಗೆ ರಕ್ತದ ಗುರುತು. ಅದನ್ನೇ ಹಿಡಿದು ಹೋದೆ. ತಂತಿಯ ಹತ್ತಿರ ಹೋದರೆ, ತಂತಿಯ ಮೇಲೆ ಸ್ವಲ್ಪ ಕೂದಲು ಸಿಕ್ಕಿಕೊಂಡಿದೆ. ಆ ಕಡೆ ಹನ್ನೆರಡು ಹದಿಮೂರು ಹೆಜ್ಜೆ ದೂರದಲ್ಲಿ ಜಿಂಕೆ ಬಿದ್ದಿದೆ. ಸತ್ತಿದೆ.

ತಂತಿ ನನ್ನ ಸೊಂಟದಷ್ಟು ಎತ್ತರ ಇರಲಿಲ್ಲ.

ವಿಸ್ಕಾನ್ಸಿನ್‌ನಲ್ಲಿ ಗಾಯಗೊಂಡ, ಸತ್ತ ಪ್ರಾಣಿಯನ್ನು ತರುವುದಕ್ಕೂ ಮಾಲೀಕನ ಒಪ್ಪಿಗೆ ಬೇಕು. ಜಿಂಕೆ ನನ್ನದೇ, ಪರ್ಮಿಟ್ಟು ನನ್ನದೇ. ನೆಲ ಮಾತ್ರ ಅಲ್ಲ. ಸುತ್ತ ಒಂದು ನರಪಿಳ್ಳೆ ಇಲ್ಲ. ಅಜ್ಜನಾಗಿದ್ದರೆ ಈ ಹೊತ್ತಿಗೆ ಅದರ ಕಾಲು ಕಟ್ಟಿ ಆಗಿರುತ್ತಿತ್ತು. ನಾನು ಕೋವಿಯ ಗುಂಡು ತೆಗೆದು, ಬೇಲಿ ಪಕ್ಕ ಕೂತು ಆ್ಯಪಿನಲ್ಲಿ ಹೆಸರು ನೋಡಿದೆ. ಒಂದು ಹೆಸರು, ಶಿಕಾಗೊ ಕಡೆಯ ವಿಳಾಸ. ನಂಬರ್ ಇಲ್ಲ. ಬೇಟೆಯ ಕಾನೂನು ನೋಡಿಕೊಳ್ಳುವ ವಾರ್ಡನ್‌ಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಹುಡುಕಿ ಮಾತಾಡುತ್ತೇನೆ ಅಂದ. ಒಂದೂವರೆ ಗಂಟೆ ಆದ ಮೇಲೆ ವಾಪಸ್ ಮಾಡಿದ. ಮಾಲೀಕರು ಬೇಡ ಅಂದರಂತೆ. ಹಿಂದೆ ಯಾರೋ ಹೀಗೇ ಜಿಂಕೆ ತರಲು ಅಂತ ಬಂದು ಅವರ ಕ್ಯಾಮೆರಾ ಕದ್ದುಕೊಂಡು ಹೋಗಿದ್ದರಂತೆ. ವಾರ್ಡನ್ ಸಾರಿ ಅಂದ. ಒತ್ತಾಯ ಮಾಡುವ ಅಧಿಕಾರ ಅವನಿಗೂ ಇಲ್ಲ.

ಕತ್ತಲಾಗುವ ತನಕ ಅಲ್ಲೇ ಕೂತಿದ್ದೆ. ಯಾಕೆ ಅಂತ ಕೇಳಬೇಡಿ. ಕಾಗೆ ಬಂತು, ಇನ್ನೊಂದು ಕಾಗೆ ಬಂತು. ಟ್ರಕ್ಕಿನ ಕಡೆ ವಾಪಸು ನಡೆಯುವಾಗ ದೂರದಲ್ಲಿ ಕಯೋಟಿ ಊಳಿಡುವುದು ಕೇಳಿಸಿತು. ತುಂಬಾ ಸಿಟ್ಟು ಬಂದಿತ್ತು. ಆ ಶಿಕಾಗೊದವರ ಮೇಲೆ ಸಿಟ್ಟು, ಅವರ ಕ್ಯಾಮೆರಾ ಕದ್ದವನ ಮೇಲೆ ಅದಕ್ಕಿಂತ ಜಾಸ್ತಿ ಸಿಟ್ಟು.

ಮಾರನೆ ವಾರ ಆಫೀಸಿನಲ್ಲಿ ಇದನ್ನು ಹೇಳಿದಾಗ ವ್ಯೋಮಿಂಗ್‌ನಿಂದ ಬಂದ ಸಹೋದ್ಯೋಗಿಯೊಬ್ಬ ನಕ್ಕ. ನಿನ್ನದು ಒಂದು ತಂತಿ, ನಮ್ಮಲ್ಲಿ ತಂತಿಯೂ ಬೇಡ, ಒಂದು ಚುಕ್ಕೆ ಸಾಕು ಅಂದ. ಪಶ್ಚಿಮದಲ್ಲಿ ಸರ್ಕಾರ 1862ರಿಂದ ರೈಲು ಕಂಪನಿಗಳಿಗೆ ಜಮೀನು ಕೊಟ್ಟದ್ದು ಚದುರಂಗದ ಹಾಸಿನ ಹಾಗೆ. ಒಂದು ಚದರ ಮೈಲಿ ಕಂಪನಿಗೆ, ಅದರ ಪಕ್ಕದ್ದು ಸರ್ಕಾರಕ್ಕೆ. ಕಂಪನಿಯ ಮನೆಗಳು ಆಮೇಲೆ ರ‍್ಯಾಂಚ್ ಮಾಲೀಕರ ಕೈಗೆ ಹೋದವು. ಈಗ ಸರ್ಕಾರದ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಚದುರಂಗದ ಒಂಟೆ ನಡೆದ ಹಾಗೆ ಮೂಲೆಯಿಂದ ಮೂಲೆಗೇ ದಾಟಬೇಕು. 2021ರಲ್ಲಿ ಮಿಸೌರಿಯ ನಾಲ್ವರು ಬೇಟೆಗಾರರು ಎಲ್ಕ್ ಮೌಂಟನ್ ಎಂಬಲ್ಲಿ ಅದನ್ನೇ ಮಾಡಿದರು. ಖಾಸಗಿ ನೆಲ ಮುಟ್ಟಬಾರದು ಅಂತ ಮನೆಯಲ್ಲೇ ಮಾಡಿಕೊಂಡು ಹೋದ ಏಣಿಯನ್ನು ಮೂಲೆಯ ಮೇಲೆ ಇಟ್ಟು ಆ ಕಡೆ ಇಳಿದರು. ರ‍್ಯಾಂಚ್ ಮಾಲೀಕರ ವಾದ, ನೆಲ ಮುಟ್ಟದಿದ್ದರೂ ನನ್ನ ಗಾಳಿ ಮುಟ್ಟಿದ್ದಾರೆ. ಎಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ನಷ್ಟ ಅಂತ ಕೇಸು! 2022ರಲ್ಲಿ ಜ್ಯೂರಿ ಬೇಟೆಗಾರರು ತಪ್ಪು ಮಾಡಿಲ್ಲ ಅಂದಿತು. ಸಿವಿಲ್ ಕೇಸು ಮೇಲಕ್ಕೆ ಹೋಗಿ 2025ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟು ಕೂಡ ಅವರ ಪರ ನಿಂತಿತು. ಸಾರ್ವಜನಿಕ ಜಮೀನಿಗೆ ಬೇಲಿ ಹಾಕಿ ಅಡ್ಡ ಹಾಕಬಾರದು ಎನ್ನುವ 1885ರ ಹಳೆಯ ಕಾನೂನೊಂದು ಕೈಹಿಡಿಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಮಾಲೀಕರ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಆ ತೀರ್ಪು ನಡೆಯುವುದು ಆರು ರಾಜ್ಯಗಳಲ್ಲಿ. ಉಳಿದ ಕಡೆ ಏಣಿ ಇಟ್ಟವನ ಹಣೆಬರಹ.

ದಾರಿಯೇ ಇಲ್ಲದ ಇಂಥ ಕೇಂದ್ರ ಸರ್ಕಾರದ ಜಮೀನು ಪಶ್ಚಿಮದಲ್ಲಿ 95 ಲಕ್ಷ ಎಕರೆ ಇದೆ ಎಂದು 2018ರಲ್ಲಿ ಲೆಕ್ಕ ಹಾಕಿದ್ದರು. ನಮ್ಮ ಜಮೀನು, ನಾವು ಹೋಗುವ ಹಾಗಿಲ್ಲ. ವಿಸ್ಕಾನ್ಸಿನ್‌ನಲ್ಲೂ ಇದರ ಸಣ್ಣ ತಮ್ಮ ಇದ್ದಾನೆ. ಕಾಡು ಬೆಳೆಸುವ ರೈತರಿಗೆ ಇಲ್ಲಿ ತೆರಿಗೆ ರಿಯಾಯಿತಿ ಇದೆ. ಬೇಟೆ, ಮೀನು, ನಡಿಗೆಗೆ ಜನರನ್ನು ಬಿಟ್ಟರೆ ರಿಯಾಯಿತಿ ಇನ್ನೂ ಜಾಸ್ತಿ. ಅಂಥ ಜಾಗಕ್ಕೆ ಕೇಳದೆಯೇ ಹೋಗಬಹುದು. ಆದರೆ ಸುತ್ತ ನಾಲ್ಕೂ ಕಡೆ ಬೇರೆಯವರ ಜಮೀನು ಇದ್ದರೆ? ನಕ್ಷೆಯಲ್ಲಿ ತೆರೆದಿದೆ, ಹೋಗಲು ಹೆಲಿಕಾಪ್ಟರ್ ಬೇಕು. ಅಂಥ ಮೂರು ತುಂಡು ಗುರುತು ಹಾಕಿಕೊಂಡಿದ್ದೆ. ಮೂರನ್ನೂ ಅಳಿಸಿದೆ.

ಹಾಗಾಗಿ ಮಾರನೆ ವರ್ಷ ತೀರ್ಮಾನ ಮಾಡಿದೆ, ಮನೆಗೇ ಹೋಗಿ ಕೇಳುವುದು.

ಕೇಳುವುದು ನವೆಂಬರಿನಲ್ಲಿ ಅಲ್ಲ. ಆಗ ಪ್ರತಿ ರೈತನ ಬಾಗಿಲಿಗೂ ಕಿತ್ತಳೆ ಕೋಟಿನವರು ಬರುತ್ತಾರೆ. ಜುಲೈ-ಆಗಸ್ಟಿನಲ್ಲಿ ಹೋಗಬೇಕು, ಸಾದಾ ಬಟ್ಟೆಯಲ್ಲಿ. ಕೊಟ್ಟಿಗೆ ಕೆಲಸದ ಹೊತ್ತಿಗೆ ಹೋಗಬಾರದು. ಹಾಲು ಕರೆಯುವ ಹೊತ್ತಿಗೆ ನಮ್ಮನೆಗೆ ಯಾರಾದರೂ ಬಂದರೆ ಅಮ್ಮನ ಮುಖ ಹೇಗಿರುತ್ತಿತ್ತು ಅಂತ ನನಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಮೊದಲ ಮನೆಯ ಎದುರು ಕಾರಿನಲ್ಲಿ ಇಪ್ಪತ್ತು ನಿಮಿಷ ಕೂತೇ ಇದ್ದೆ.

ಹೆದರಿಕೆಗೆ ಕಾರಣ ಇತ್ತು. ವಿಸ್ಕಾನ್ಸಿನ್‌ನಲ್ಲಿ ಬೇಟೆಯಾಡುವ ಏಷ್ಯಾದ ಯಾರಿಗೂ 2004ರ ನವೆಂಬರ್ ಮರೆತಿಲ್ಲ. ಸಾಯರ್ ಕೌಂಟಿಯಲ್ಲಿ ಹ್ಮಾಂಗ್ ಸಮುದಾಯದ ಒಬ್ಬ ಬೇಟೆಗಾರ ಖಾಸಗಿ ಜಮೀನಿನ ಮರದ ಅಟ್ಟಣೆಯಲ್ಲಿ ಕೂತಿದ್ದ. ಜಮೀನಿನ ಕಡೆಯವರು ಬಂದು ಇಳಿ ಎಂದರು. ಮಾತಿಗೆ ಮಾತು ಬೆಳೆಯಿತು. ಬಣ್ಣ, ಜನಾಂಗ ಹಿಡಿದು ಬೈದರು ಅಂತ ಅವನು ಹೇಳಿದ. ಎಂಟು ಜನರಿಗೆ ಗುಂಡು ಹಾರಿಸಿದ, ಆರು ಜನ ಸತ್ತರು. ಅವನಿಗೆ ಜೀವಾವಧಿ ಆಯಿತು. 2007ರ ಜನವರಿಯಲ್ಲಿ ಮ್ಯಾರಿನೆಟ್ ಕೌಂಟಿಯ ಕಾಡಿನಲ್ಲಿ ಅಳಿಲು ಬೇಟೆಗೆ ಹೋದ ಇನ್ನೊಬ್ಬ ಹ್ಮಾಂಗ್ ಬೇಟೆಗಾರನನ್ನು ಒಬ್ಬ ಬಿಳಿಯ ಕೊಂದ. ಅದು ಸಾರ್ವಜನಿಕ ಜಾಗ. ಲಾವೋಸಿನ ಗುಡ್ಡಗಾಡಿನಿಂದ ನಿರಾಶ್ರಿತರಾಗಿ ಬಂದ ಜನ ಅವರು. ಇಲ್ಲಿನ ಇಲಾಖೆ ಅವರ ಭಾಷೆಯಲ್ಲೇ ಸುರಕ್ಷತಾ ತರಗತಿ ನಡೆಸುತ್ತದೆ. ಗಡಿಗೆರೆ ಅನ್ನುವುದು ಬರೀ ದಂಡ ಕಟ್ಟುವ ವಿಷಯ ಅಲ್ಲ ಎಂದು ಆ ಇಪ್ಪತ್ತು ನಿಮಿಷ ಕಾರಿನಲ್ಲಿ ಕೂತಾಗ ಅನ್ನಿಸುತ್ತಿತ್ತು.

ಧೈರ್ಯ ಕೊಟ್ಟದ್ದು ಒಂದು ಹಳೆಯ ಕಥೆ. ಮ್ಯಾಡಿಸನ್ ಪಶ್ಚಿಮಕ್ಕೆ ರೈಲಿ ಅಂತ ಒಂದು ಸಣ್ಣ ಊರಿದೆ. ಅದರ ಪಕ್ಕದ ಹಳೆಯ ರೈಲು ದಾರಿ ಈಗ ಸೈಕಲ್ ದಾರಿ, ನಾನು ಎಷ್ಟೋ ಸಲ ಹೋಗಿದ್ದೇನೆ. 1931ರಲ್ಲಿ ಆಲ್ಡೊ ಲಿಯೋಪೋಲ್ಡ್ ಬೇಟೆಗೆ ಜಾಗ ಹುಡುಕುತ್ತಾ ಅಲ್ಲಿ ಹೋಗಿದ್ದರು. ಅಮೆರಿಕದಲ್ಲಿ ವನ್ಯಜೀವಿ ನಿರ್ವಹಣೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದ ಮನುಷ್ಯ ಅವರು. ಎರಡು ವರ್ಷದ ನಂತರ ಮ್ಯಾಡಿಸನ್‌ನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಒಂದು ಹೊಲದ ಮನೆಯಲ್ಲಿ ಕುಡಿಯಲು ನೀರು ಕೇಳಿದರು. ರೈತ ರೂಬೆನ್ ಪಾಲ್ಸನ್ ನೀರು ಕೊಟ್ಟು ತನ್ನ ಗೋಳು ಹೇಳಿಕೊಂಡ. ಪಟ್ಟಣದವರು ಕೇಳದೆ ನುಗ್ಗುತ್ತಾರೆ, ಹಕ್ಕಿಯೂ ಉಳಿದಿಲ್ಲ. ಆ ಮಾತುಕತೆಯಿಂದ ಒಂದು ಸಹಕಾರಿ ಕೂಟ ಹುಟ್ಟಿತು. ಜಾಗ ರೈತರದು, ಹಕ್ಕಿಗಳಿಗೆ ಕಾಳು, ಮರಿ, ದುಡ್ಡು, ಮೈಕೆಲಸ ಪಟ್ಟಣದವರದು. ಇಬ್ಬರೂ ಸೇರಿ ಬೇಟೆ. ಅಷ್ಟು ದೊಡ್ಡ ಮನುಷ್ಯನೂ ಶುರು ಮಾಡಿದ್ದು ಒಂದು ಲೋಟ ನೀರು ಕೇಳಿ. ನಾನು ಕಾರಿನಿಂದ ಇಳಿದೆ.

ಹನ್ನೊಂದು ಮನೆ ತಟ್ಟಿದೆ. ಎಂಟು ಕಡೆ ಇಲ್ಲ. ಯಾರೂ ಒರಟಾಗಿ ಹೇಳಲಿಲ್ಲ. ಮಕ್ಕಳು ಹೊಡೀತಾರೆ, ಲೀಸ್ ಕೊಟ್ಟಾಗಿದೆ, ಇನ್ಶೂರೆನ್ಸಿನವರು ಬೇಡ ಅಂತಾರೆ. ಎರಡು ಮನೆಯಲ್ಲಿ ನಾಯಿ ಮಾತ್ರ ಬಂತು. ಹನ್ನೊಂದನೆಯದು ಒಂದು ಡೈರಿ. ಎಪ್ಪತ್ತು ದಾಟಿದ ಅಜ್ಜ ಟ್ರ್ಯಾಕ್ಟರ್ ಕೆಳಗೆ ಮಲಗಿ ಏನೋ ರಿಪೇರಿ ಮಾಡುತ್ತಿದ್ದ. ಹೊರಗೆ ಬರಲೇ ಇಲ್ಲ. ಅಲ್ಲಿಂದಲೇ ಕೇಳಿದ, ಸ್ಪ್ಯಾನರ್ ಕೊಡು. ಕೊಟ್ಟೆ. ಅದಲ್ಲ, ಪಕ್ಕದ್ದು. ಅದನ್ನೂ ಕೊಟ್ಟೆ. ಅರ್ಧ ಗಂಟೆ ಆದ ಮೇಲೆ ಎದ್ದು ಬಂದು ಕೈ ಒರೆಸಿಕೊಂಡ.

ನಮ್ಮ ಮನೆಯಲ್ಲೂ ಹಸು ಇದೆ ಅಂದೆ. ಎಷ್ಟು ಅಂದ. ಎರಡು ಅಂದೆ. ಅವನಲ್ಲಿ ಎಂಬತ್ತು. ಪಾಪ, ನಗಲಿಲ್ಲ. ಬೆಳೆ ಏನು ಅಂತ ಕೇಳಿದ. ಅಡಿಕೆ ಅಂದರೆ ಏನು ಅಂತ ಹೇಳುವುದು? ಮರ, ಕಾಯಿ ಬಿಡುತ್ತದೆ, ಹೊಟ್ಟೆ ತುಂಬಲು ಅಲ್ಲ, ಬಾಯಲ್ಲಿ ಜಗಿದು ಉಗುಳಲು ಅಂದೆ. ಅಜ್ಜ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಹಿಂದಿನ ಜೇಬಿನಿಂದ ತಂಬಾಕಿನ ದುಂಡು ಡಬ್ಬಿ ತೆಗೆದು ತೋರಿಸಿದ. "ಅರ್ಥ ಆಯ್ತು" ಅಂದ. ಈ ಜಗತ್ತಿನಲ್ಲಿ ಅಡಿಕೆಯನ್ನು ಅಷ್ಟು ಬೇಗ ಅರ್ಥ ಮಾಡಿಕೊಂಡ ಅಮೆರಿಕದವರನ್ನು ನಾನು ನೋಡಿಲ್ಲ.

ಹಿಂದಿನ ನಲವತ್ತಕ್ಕೆ ಹೋಗು ಅಂದ. ಷರತ್ತುಗಳನ್ನು ಬೆರಳು ಮಡಚಿ ಹೇಳಿದ. ಹೆಣ್ಣು ಜಿಂಕೆ ಮಾತ್ರ, ಜೋಳ ತಿನ್ನುವವು ಅವೇ. ಕಾರು ಸೈಲೋ ಪಕ್ಕ ನಿಲ್ಲಿಸಬೇಕು. ಸ್ನೇಹಿತರನ್ನು ಕರೆತರಬಾರದು. ಹೋಗುವ ದಿನ ಫೋನ್ ಮಾಡಬೇಕು. ಕೊನೆಯದು ಗೇಟು. ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ಮುಚ್ಚಬೇಕು. ಉಣುಗೋಲಿನ ಬಗ್ಗೆ ಅಮ್ಮ ಹೇಳುತ್ತಿದ್ದ ಮಾತನ್ನು ಯಾರೋ ಇಂಗ್ಲಿಷಿಗೆ ತಿರುಗಿಸಿದ ಹಾಗಿತ್ತು. ನೀನು ಮರದಿಂದ ಬಿದ್ದರೆ ನನ್ನ ಮೇಲೆ ಕೇಸು ಹಾಕ್ತೀಯಾ ಅಂತಲೂ ಕೇಳಿದ. ದುಡ್ಡು ತೆಗೆದುಕೊಳ್ಳದೆ ಜಾಗ ಬಿಟ್ಟುಕೊಟ್ಟ ಮಾಲೀಕನಿಗೆ ಇಲ್ಲಿ ಕಾನೂನಿನ ರಕ್ಷಣೆ ಇದೆ ಅಂತ ಹೇಳಿದೆ. ಕಾನೂನನ್ನು ಅವನು ನಂಬಲಿಲ್ಲ. ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟೆ, ಅದನ್ನು ಫ್ರಿಜ್ಜಿಗೆ ಅಂಟಿಸಿದ.

ಆ ಬೇಸಿಗೆ ಎರಡು ಶನಿವಾರ ಅವನ ಹುಲ್ಲಿನ ಪೆಂಡಿ ಒಟ್ಟಿದೆ. ಬೆನ್ನು ಹಿಡಿದುಕೊಂಡಿತು. ನವೆಂಬರಿನಲ್ಲಿ ಅವನ ಓಕ್ ಮರದ ಬುಡದಲ್ಲಿ ಮರಸು ಕೂತು ಒಂದು ಹೆಣ್ಣು ಜಿಂಕೆ ಹೊಡೆದೆ. ಇಲ್ಲಿ ಹೆಣ್ಣು ಜಿಂಕೆಯ ಪರ್ಮಿಟ್ಟಿನಲ್ಲೇ ಕೌಂಟಿ ಯಾವುದು, ಜಾಗ ಖಾಸಗಿಯೋ ಸಾರ್ವಜನಿಕವೋ ಎಂದು ಬರೆದಿರುತ್ತದೆ. ಖಾಸಗಿ ಪರ್ಮಿಟ್ಟು ಹಿಡಿದು ಸಾರ್ವಜನಿಕ ಜಾಗದಲ್ಲಿ ಹೊಡೆಯುವ ಹಾಗಿಲ್ಲ. ಮಾರನೆ ದಿನ ಸಂಜೆ ಐದರೊಳಗೆ ಫೋನಿನಲ್ಲಿ ನೋಂದಾಯಿಸಿದೆ. ತಲೆಯನ್ನು ಪರೀಕ್ಷೆಗೆ ಕೊಟ್ಟೆ. ಜಿಂಕೆಗಳಿಗೆ ಮಿದುಳು ಸವೆಯುವ ಒಂದು ಕಾಯಿಲೆ ಇದೆ, ವಿಸ್ಕಾನ್ಸಿನ್‌ನಲ್ಲಿ ಮೊದಲು ಕಂಡದ್ದು 2002ರಲ್ಲಿ, ಇದೇ ಮ್ಯಾಡಿಸನ್ ಪಶ್ಚಿಮದಲ್ಲಿ. ಫಲಿತಾಂಶ ಬರುವ ತನಕ ಮಾಂಸ ಫ್ರೀಜರಿನಲ್ಲಿತ್ತು. ಏನೂ ಇಲ್ಲ ಅಂತ ಬಂತು.

ಊರಿನ ನಮ್ಮ ಅಜ್ಜನ ಕಾಲದ ಶಿಕಾರಿಯಲ್ಲಿ ಕೋವಿಗೊಂದು ಪಾಲು, ನಾಯಿಗೊಂದು ಪಾಲು ಇತ್ತು. ಹಳು ನುಗ್ಗಿದವರಿಗೆಲ್ಲ ಪಾಲು. ಜಾಗಕ್ಕೆ ಪಾಲು ಇತ್ತಾ ಅಂತ ಚಿಕ್ಕಪ್ಪನನ್ನು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು "ಇಲ್ಲಪ್ಪ, ಜಾಗ ಏನು ತಿನ್ನುತ್ತೆ?" ಅಂದರು. ನಾನು ಹಿಂದಿನ ತೊಡೆಯ ಮಾಂಸ, ಜೊತೆಗೆ ಕಾಳುಮೆಣಸು ಹಾಕಿ ಹುರಿದ ಒಂದು ಡಬ್ಬಿ ತೆಗೆದುಕೊಂಡು ಡೈರಿಗೆ ಹೋದೆ. ಅಜ್ಜಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಹಾಲು ಕುಡಿದರು. ಮತ್ತೊಂದು ತುಂಡು ಹಾಕಿಕೊಂಡು ಮತ್ತೆ ಹಾಲು ಕುಡಿದರು. ಅಜ್ಜ ಡಬ್ಬಿಯನ್ನೇ ತನ್ನ ಕಡೆ ಎಳೆದುಕೊಂಡ.

ಅದು ಎರಡು ಸೀಸನ್ ನಡೆಯಿತು.

ಕಳೆದ ವಸಂತದಲ್ಲಿ ಅವರು ಹಸು ಮಾರಿದರು. 2004ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸುಮಾರು 16 ಸಾವಿರ ಡೈರಿಗಳಿದ್ದವು, ಈಗ ಆರು ಸಾವಿರವೂ ಇಲ್ಲ. ಮಾರುವ ದಿನ ಹೋಗಿದ್ದೆ. ಲಾರಿಗೆ ಕೊನೆಯ ಹಸು ಹತ್ತಿದ ಮೇಲೂ ಅಜ್ಜ ಕೊಟ್ಟಿಗೆ ತೊಳೆಯುತ್ತಿದ್ದ. ಆಗಸ್ಟಿನಲ್ಲಿ ಮಗ ಫೋನ್ ಮಾಡಿದ. ಮರ್ಯಾದೆಯಾಗಿಯೇ ಹೇಳಿದ. ಹಿಂದಿನ ನಲವತ್ತನ್ನು ಒಂದು ಗುಂಪಿಗೆ ವರ್ಷದ ಲೀಸಿಗೆ ಕೊಟ್ಟಿದ್ದೇವೆ, ತೆರಿಗೆ ಕಟ್ಟಬೇಕಲ್ಲ, ಬೇಜಾರು ಮಾಡಿಕೊಳ್ಳಬೇಡ. ನಾನು ಏನು ಹೇಳಲಿ? ಒಪ್ಪಿಗೆ ಕೊಟ್ಟದ್ದು ಅಜ್ಜ, ಜಮೀನಲ್ಲ. ಲೀಸಿಗೆ ನೀನೂ ಸೇರ್ತೀಯಾ ಅಂತ ಕೇಳಿದ. ಅವನು ಹೇಳಿದ ಮೊತ್ತ ಕೇಳಿ ಥ್ಯಾಂಕ್ಸ್ ಅಂದೆ. ಫ್ರಿಜ್ಜಿನ ಮೇಲಿನ ಆ ಕಾಗದ ಇನ್ನೂ ಇದೆಯಂತೆ.

ಈಗ ಮತ್ತೆ ನಕ್ಷೆ ಬಿಚ್ಚಿದ್ದೇನೆ. ಹೊಸ ಮನೆ ತಟ್ಟುವ ಹೊತ್ತು ಈ ವರ್ಷಕ್ಕೆ ದಾಟಿಹೋಯಿತು. ನಿನ್ನೆ ರಾತ್ರಿ ಊಟ ಆದ ಮೇಲೆ ಪರ್ಮಿಟ್ಟು ತೆಗೆಯಲು ಕೂತೆ. ಕೌಂಟಿ ಕೇಳಿತು, ಬೇಫೀಲ್ಡ್ ಒತ್ತಿದೆ. ಆಮೇಲೆ ಜಾಗ ಯಾವುದು ಅಂತ ಕೇಳಿತು, ಖಾಸಗಿಯೋ ಸಾರ್ವಜನಿಕವೋ. ಸ್ವಲ್ಪ ಹೊತ್ತು ನೋಡಿ ಸಾರ್ವಜನಿಕ ಅಂತ ಒತ್ತಿದೆ. ಈ ಸಲ ತಂತಿಯಿಂದ ಅರ್ಧ ಮೈಲಿ ಈಚೆಗೇ ಕೂರುತ್ತೇನೆ.